ಅರ್ಲ್ ಸಾಹೇಬರ ತೋಪಿನಲ್ಲಿ ಜೋಡಿ ಮನೆಗಳು: ಲಂಡನ್ ಸುತ್ತಲ ಹಳೇ ಎಸ್ಟೇಟುಗಳು ಬಡಾವಣೆಯಾದ ಬಗೆ

ಲಂಡನ್ನಿನ ಮೆಟ್ರೊಪಾಲಿಟನ್ ಲೈನಿನಲ್ಲಿ ಕೂತು ಕೊನೆಯ ಸ್ಟೇಷನ್ ವಾಟ್‌ಫರ್ಡ್‌ನಲ್ಲಿ ಇಳಿದವರಿಗೆ ಒಂದು ಗಲಿಬಿಲಿ ಆಗುವುದುಂಟು. ಸ್ಟೇಷನ್ ಬಂತು, ಊರು ಬರಲಿಲ್ಲ. ಪೇಟೆ ಬೀದಿ ಸೇರಬೇಕಾದರೆ ಹದಿನೈದು ಇಪ್ಪತ್ತು ನಿಮಿಷ ನಡೆಯಬೇಕು. ಸ್ಟೇಷನ್ನಿನ ಸುತ್ತ ಇರುವುದು ಹೆಂಚಿನ ಮಾಡಿನ ಜೋಡಿ ಮನೆಗಳು, ಮನೆ ಮುಂದೆ ಒಂದು ತುಂಡು ಹುಲ್ಲು, ಬೀದಿಗೆ ‘ಕ್ಯಾಸಿಯೋಬರಿ ಪಾರ್ಕ್ ಅವೆನ್ಯೂ’ ಎಂಬ ಹೆಸರು. ಸ್ವಲ್ಪ ಮುಂದೆ ಹೋದರೆ ದೊಡ್ಡ ಪಾರ್ಕು. ಊರಿಗೆಂದು ಹಾಕಿದ ರೈಲು ಊರ ತನಕ ಹೋಗದೆ ನಡುವೆ ನಿಂತದ್ದೇಕೆ? ಪಾರ್ಕು, ಡ್ರೈವ್, ಮ್ಯಾನರ್, ಲಾಡ್ಜ್ ಎಂಬ ಹೆಸರುಗಳು ಇಷ್ಟು ಸಾಧಾರಣ ಬೀದಿಗಳಿಗೆ ಅಂಟಿದ್ದೇಕೆ?

ಬೆಂಗಳೂರಿನಿಂದ ಕೆಲಸದ ಮೇಲೆ ಹೋಗಿ ಹ್ಯಾರೋ, ಪಿನ್ನರ್, ವಾಟ್‌ಫರ್ಡ್ ಕಡೆ ಮನೆ ನೋಡುವ ಕನ್ನಡಿಗರಿಗೆ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಮನೆ ಪತ್ರದಲ್ಲಿ ನೂರು ವರ್ಷದ ಹಿಂದಿನ ಯಾವನೋ ಜಮೀನ್ದಾರನ ಷರತ್ತು ಕಾಣಿಸಿಕೊಂಡಾಗ ಅದರ ಹಿನ್ನೆಲೆ ಬೇಕಾಗುತ್ತದೆ.

ಎಸ್ಟೇಟ್ ಎಂದರೆ ಮಹಲಷ್ಟೇ ಅಲ್ಲ

ನಮಗೆ ಎಸ್ಟೇಟ್ ಎಂದೊಡನೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ ನೆನಪಾಗುತ್ತದೆ. ಇಂಗ್ಲೆಂಡಿನ ಹಳೇ ಎಸ್ಟೇಟು ಬೇರೆ ಥರದ್ದು. ನಡುವೆ ಒಡೆಯನ ಮಹಲು, ಅದರ ಸುತ್ತ ನೂರಾರು ಎಕರೆಯ ಪಾರ್ಕು, ಅದರಾಚೆ ಒಕ್ಕಲುಗಳು ಗೇಣಿಗೆ ಉಳುವ ಸಾವಿರಾರು ಎಕರೆ ಹೊಲ. ನೋಡಲು ಬರುವವರ ಕಣ್ಣು ಮಹಲಿನ ಮೇಲೆ. ಆದರೆ ಅಷ್ಟು ದೊಡ್ಡ ಮನೆಯ ಸೂರು ರಿಪೇರಿ ಮಾಡಿಸುವ, ಕಲ್ಲಿದ್ದಲು ತರಿಸುವ, ಡಜನ್‌ಗಟ್ಟಲೆ ಆಳುಗಳಿಗೆ ಸಂಬಳ ಕೊಡುವ ದುಡ್ಡು ಬರುತ್ತಿದ್ದದ್ದು ಆ ಹೊಲಗಳ ಗೇಣಿಯಿಂದ.

ಮಲೆನಾಡಿನ ದೊಡ್ಡ ತೊಟ್ಟಿಮನೆಗಳನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಗೇಣಿ ಅಕ್ಕಿ ಬರುವ ತನಕ ಆ ಮನೆಗಳ ಪಂಕ್ತಿ, ಪೂಜೆ, ಜನ ಎಲ್ಲ ನಡೆಯಿತು. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು ಗೇಣಿ ಜಮೀನು ಉಳುವವರ ಕೈ ಸೇರಿದ ಮೇಲೆ ಎಷ್ಟೋ ಕಡೆ ಮನೆ ನಿಂತಿತ್ತು, ಅದನ್ನು ನಡೆಸುವ ಆದಾಯ ಇರಲಿಲ್ಲ. ಇಂಗ್ಲೆಂಡಿನಲ್ಲೂ ಮೊದಲು ಬತ್ತಿದ್ದು ಗೇಣಿಯೇ. ಆದರೆ ಅಲ್ಲಿ ಕಾನೂನು ಜಮೀನನ್ನು ಒಕ್ಕಲಿಗೆ ಬಿಡಿಸಿಕೊಡಲಿಲ್ಲ. ಒಡೆಯನೇ ಮಾರಬೇಕಾಯಿತು.

ಗೋಧಿಯ ಹಡಗುಗಳು

1870ರ ದಶಕದಿಂದ ಅಮೆರಿಕದ ಬಯಲು ಸೀಮೆಯ ಗೋಧಿ ರೈಲು ಮತ್ತು ಉಗಿಹಡಗುಗಳಲ್ಲಿ ಅಗ್ಗವಾಗಿ ಬ್ರಿಟನ್ನಿಗೆ ಬಂದು ಬೀಳತೊಡಗಿತು. ಸೂಯೆಜ್ ಕಾಲುವೆ ತೆರೆದ ಮೇಲೆ ಭಾರತದ ಗೋಧಿಯೂ ಸೇರಿಕೊಂಡಿತು. 1882ರಲ್ಲಿ ‘ಡನೀಡಿನ್’ ಎಂಬ ಹಡಗು ನ್ಯೂಜಿಲೆಂಡಿನಿಂದ ಹಿಮಗಟ್ಟಿಸಿದ ಕುರಿಮಾಂಸವನ್ನು ಲಂಡನ್ನಿಗೆ ಕೆಡದಂತೆ ಮುಟ್ಟಿಸಿದಾಗ ಮಾಂಸದ ಮಾರುಕಟ್ಟೆಯೂ ಬದಲಾಯಿತು. ಇಂಗ್ಲೆಂಡಿನ ಗೋಧಿಯ ಬೆಲೆ ಇಪ್ಪತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿದು 1894ರಲ್ಲಿ ತಳ ಕಂಡಿತು. ಬೆಳೆಗೆ ಬೆಲೆ ಇಲ್ಲವೆಂದ ಮೇಲೆ ಒಕ್ಕಲು ಹಳೇ ಗೇಣಿ ಕೊಡುವುದೆಲ್ಲಿಂದ? ಒಡೆಯರು ಗೇಣಿ ಇಳಿಸಿದರು. ಕೆಲವು ಕಡೆ ಉಳುವವರೇ ಸಿಗಲಿಲ್ಲ.

ಇದರ ಜೊತೆಗೆ ಸಾಲ. ಹೆಣ್ಣುಮಕ್ಕಳ ಮದುವೆಗೆ, ತಮ್ಮಂದಿರ ಜೀವನಾಂಶಕ್ಕೆ, ಮಹಲಿಗೆ ಹೊಸ ಭಾಗ ಕಟ್ಟಿಸಲು ಜಮೀನಿನ ಮೇಲೆ ಸಾಲ ಎತ್ತುವುದು ಈ ಮನೆತನಗಳ ವಾಡಿಕೆ. ಗೇಣಿ ಇಳಿದರೂ ಬಡ್ಡಿ ಇಳಿಯುವುದಿಲ್ಲ.

ಮಾರುವ ಅಧಿಕಾರ ಯಾರಿಗಿತ್ತು?

ಹಾಗಾದರೆ ಮಾರಿ ಕೈತೊಳೆದುಕೊಳ್ಳಬಹುದಿತ್ತಲ್ಲ? ಬಹುಕಾಲ ಆ ದಾರಿ ಸುಲಭವಿರಲಿಲ್ಲ. ದೊಡ್ಡ ಆಸ್ತಿಗಳನ್ನು ಕುಟುಂಬದ ಕರಾರುಪತ್ರದಲ್ಲಿ ಕಟ್ಟಿಹಾಕಿರುತ್ತಿದ್ದರು. ಆಸ್ತಿ ಹಿರಿಯ ಮಗನಿಗೆ ಬರುತ್ತದೆ, ಆದರೆ ಅವನು ಬದುಕಿರುವ ತನಕ ಅನುಭವಿಸಬಹುದೇ ಹೊರತು ತನ್ನ ಇಷ್ಟದಂತೆ ಪರಭಾರೆ ಮಾಡುವಂತಿಲ್ಲ. ಮುಂದಿನ ತಲೆಮಾರಿಗೆ ದಾಟಿಸಬೇಕು. ಹೊರಗಿನವರಿಗೆ ಸಾವಿರಾರು ಎಕರೆಯ ಧಣಿ, ಒಳಗೆ ನೋಡಿದರೆ ಕೈಕಟ್ಟಿದ ಅನುಭೋಗದಾರ.

1882ರ ಸೆಟಲ್ಡ್ ಲ್ಯಾಂಡ್ ಕಾಯ್ದೆ ಈ ಗಂಟನ್ನು ಸಡಿಲಿಸಿತು. ಅನುಭೋಗದಾರ ಜಮೀನು ಮಾರಬಹುದು, ಬಂದ ದುಡ್ಡು ಮಾತ್ರ ಟ್ರಸ್ಟಿಗಳ ಕೈಯಲ್ಲಿರಬೇಕು. ಮುಖ್ಯ ಮಹಲು ಮತ್ತು ಅದರ ಆವರಣ ಮಾರಲು ಟ್ರಸ್ಟಿಗಳ ಅಥವಾ ಕೋರ್ಟಿನ ಒಪ್ಪಿಗೆ ಬೇಕಿತ್ತು. ಹೀಗಾಗಿ ಮೊದಲು ಹೋದದ್ದು ದೂರದ ಹೊಲಗಳು, ಆಮೇಲೆ ಪೇಂಟಿಂಗು, ಪುಸ್ತಕ, ಬೆಳ್ಳಿ. ಮಹಲು ಕೊನೆಗೆ. ಅಷ್ಟು ಹೊತ್ತಿಗೆ ಅದನ್ನು ಸಾಕುವ ಹೊಲವೆಲ್ಲ ಹೋಗಿರುತ್ತಿತ್ತು.

ಸಾವಿನ ಮೇಲೆ ತೆರಿಗೆ

1894ರಲ್ಲಿ ಹಣಕಾಸು ಮಂತ್ರಿ ವಿಲಿಯಂ ಹಾರ್ಕೋರ್ಟ್ ‘ಎಸ್ಟೇಟ್ ಡ್ಯೂಟಿ’ ತಂದರು. ಆಸ್ತಿವಂತ ಸತ್ತಾಗ ಅವನ ಒಟ್ಟು ಆಸ್ತಿಯ ಬೆಲೆ ಕಟ್ಟಿ ಅದರಲ್ಲೊಂದು ಪಾಲು ಸರ್ಕಾರಕ್ಕೆ. ಶುರುವಿನಲ್ಲಿ ಅತಿ ಹೆಚ್ಚಿನ ದರ ಶೇ. 8. ಅದೂ ಹತ್ತು ಲಕ್ಷ ಪೌಂಡಿಗೆ ಮೇಲ್ಪಟ್ಟ ಆಸ್ತಿಗೆ. 1919ಕ್ಕೆ ಅದು ಶೇ. 40 ಆಯಿತು, 1930ಕ್ಕೆ 50, 1949ಕ್ಕೆ 80.

ನಮ್ಮಲ್ಲೂ ಇಂಥದ್ದೇ ತೆರಿಗೆ ಇದ್ದದ್ದು ಹಳಬರಿಗೆ ನೆನಪಿರಬಹುದು. 1953ರಲ್ಲಿ ಬಂದ ಎಸ್ಟೇಟ್ ಡ್ಯೂಟಿ 1985ರಲ್ಲಿ ರದ್ದಾಯಿತು.

ಈ ತೆರಿಗೆ ಜಮೀನ್ದಾರನಿಗೆ ವ್ಯಾಪಾರಿಗಿಂತ ಹೆಚ್ಚು ತಾಗಿದ್ದೇಕೆ ಎಂದರೆ, ತೆರಿಗೆ ಕಟ್ಟಬೇಕಾದದ್ದು ನಗದಿನಲ್ಲಿ, ಆಸ್ತಿ ಇದ್ದದ್ದು ಮಣ್ಣು, ಮರ, ಕಲ್ಲಿನಲ್ಲಿ. ಷೇರು ಇದ್ದವನು ನಾಲ್ಕು ಷೇರು ಮಾರಿ ಕಟ್ಟಿಯಾನು. ಮಹಲಿನ ಅರ್ಧ ಮೆಟ್ಟಿಲು ಮಾರಲು ಬರುವುದಿಲ್ಲ. (ಬರುತ್ತದೆ, ಮುಂದೆ ನೋಡೋಣ.) ಮೊದಲ ಮಹಾಯುದ್ಧದ ಹೊತ್ತಿಗೆ ಆಳುಗಳೂ ಕಡಿಮೆಯಾದರು. ಕಾರ್ಖಾನೆ, ಅಂಗಡಿ, ಆಫೀಸಿನ ಕೆಲಸ ಕಂಡ ಹುಡುಗಿಯರು ಮಹಲಿನ ಅಡುಗೆಮನೆಗೆ ಮರಳಲು ಒಪ್ಪಲಿಲ್ಲ. ಯುದ್ಧ ಮುಗಿದೊಡನೆ ಜಮೀನು ಮಾರಾಟದ ಅಲೆಯೇ ಎದ್ದಿತು. ಕೊಂಡವರಲ್ಲಿ ಅದೇ ಹೊಲಗಳ ಒಕ್ಕಲುಗಳೂ ಬಹಳ ಮಂದಿ ಇದ್ದರು.

ಕ್ಯಾಸಿಯೋಬರಿಯಲ್ಲಿ ಆದದ್ದು

ಈಗ ವಾಟ್‌ಫರ್ಡ್‌ಗೆ ವಾಪಸ್ ಬರೋಣ. ಅಲ್ಲಿನ ಕ್ಯಾಸಿಯೋಬರಿ ಒಂದು ಕಾಲಕ್ಕೆ ಮಠದ ಜಮೀನು. ಎಂಟನೇ ಹೆನ್ರಿ ಮಠಗಳನ್ನು ಮುಟ್ಟುಗೋಲು ಹಾಕಿ ಅದನ್ನು 1546ರಲ್ಲಿ ರಿಚರ್ಡ್ ಮಾರಿಸನ್ ಎಂಬ ತನ್ನ ಅಧಿಕಾರಿಗೆ ಕೊಟ್ಟ. ಮುಂದೆ ಅದು ಕ್ಯಾಪೆಲ್ ಮನೆತನಕ್ಕೆ, ಅಂದರೆ ಎಸೆಕ್ಸಿನ ಅರ್ಲ್‌ಗಳಿಗೆ ಸೇರಿತು (ಅರ್ಲ್ ಎಂಬುದು ಇಂಗ್ಲೆಂಡಿನ ಶ್ರೀಮಂತ ಮನೆತನಗಳ ಒಂದು ಬಿರುದು). 1670ರ ದಶಕದಲ್ಲಿ ವಾಸ್ತುಶಿಲ್ಪಿ ಹ್ಯೂ ಮೇ ಮಹಲನ್ನು ಹೊಸದಾಗಿ ಕಟ್ಟಿದರು, 1800ರ ಸುಮಾರಿಗೆ ಜೇಮ್ಸ್ ವಯಟ್ ಅದಕ್ಕೆ ಗಾಥಿಕ್ ರೂಪ ಕೊಟ್ಟರು, ಹಂಫ್ರಿ ರೆಪ್ಟನ್ ಪಾರ್ಕನ್ನು ತಿದ್ದಿದರು.

1830ರ ದಶಕದಲ್ಲಿ ಲಂಡನ್–ಬರ್ಮಿಂಗ್‌ಹ್ಯಾಮ್ ರೈಲುದಾರಿ ಈ ಕಡೆ ಬರುವುದೆಂದಾಯಿತು. ಎಸೆಕ್ಸಿನ ಅರ್ಲ್, ಪಕ್ಕದ ಗ್ರೋವ್ ಎಸ್ಟೇಟಿನ ಕ್ಲಾರೆಂಡನ್ ಅರ್ಲ್ ಇಬ್ಬರೂ ತಮ್ಮ ಪಾರ್ಕಿನೊಳಗೆ ರೈಲು ಕಾಲಿಡಕೂಡದೆಂದರು. ರೈಲುದಾರಿಯ ಎಂಜಿನಿಯರ್ ರಾಬರ್ಟ್ ಸ್ಟೀವನ್‌ಸನ್ ದಾರಿಯನ್ನು ಪಕ್ಕಕ್ಕೆ ತಿರುಗಿಸಿ ಗುಡ್ಡದಡಿ ಒಂದು ಮೈಲಿಗೂ ಹೆಚ್ಚು ಉದ್ದದ ಸುರಂಗ ಕೊರೆಸಬೇಕಾಯಿತು. ಇಬ್ಬರು ಅರ್ಲ್‌ಗಳ ಮಾತಿಗೆ ಬೆಟ್ಟ ತೂತಾಗುತ್ತಿದ್ದ ಕಾಲ ಅದು.

ಎಂಬತ್ತು ವರ್ಷದಲ್ಲಿ ಲೆಕ್ಕ ತಲೆಕೆಳಗಾಯಿತು. ಏಳನೇ ಅರ್ಲ್ ಅಮೆರಿಕದ ಸಿರಿವಂತ ಮನೆಯ ಅಡೆಲ್ ಗ್ರಾಂಟ್ ಅವರನ್ನು ಮದುವೆಯಾಗಿದ್ದರು. ಆ ಕಾಲದ ಎಷ್ಟೋ ಅರ್ಲ್‌ಗಳು ಸೂರು ಉಳಿಸಿಕೊಳ್ಳಲು ಹಿಡಿದ ದಾರಿ ಅದು. 1909ರಲ್ಲೇ ಪಾರ್ಕಿನ ಒಂದು ಭಾಗ ವಾಟ್‌ಫರ್ಡ್ ಪುರಸಭೆಗೆ ಮಾರಾಟವಾಯಿತು. 1916ರಲ್ಲಿ ಅರ್ಲ್ ತೀರಿಕೊಂಡರು, ಮರಣ ತೆರಿಗೆ ಬಂದು ಕೂತಿತು. 1922ರಲ್ಲಿ ಮಹಲಿನ ಸಾಮಾನೆಲ್ಲ ಹರಾಜು. ಖಾಲಿ ಮಹಲಿಗೆ ಗಿರಾಕಿ ಹುಟ್ಟಲಿಲ್ಲ. 1927ರಲ್ಲಿ ಅದನ್ನು ಕಟ್ಟಡ ಸಾಮಗ್ರಿಯ ಲೆಕ್ಕದಲ್ಲಿ ಕೆಡವಿ ಮಾರಿದರು: ಜಾಹೀರಾತಿನಲ್ಲಿದ್ದದ್ದು ಮುನ್ನೂರು ಟನ್ ಹಳೇ ಓಕ್ ಮರ, ನೂರು ತೊಲೆ, ಹತ್ತು ಸಾವಿರ ಟ್ಯೂಡರ್ ಕಾಲದ ಇಟ್ಟಿಗೆ. ಒಂದನೇ ಅರ್ಲ್ ಕಾಲದ, ಎಲೆ ಬಳ್ಳಿಗಳನ್ನು ಕೊರೆದು ತೆಗೆದ ಮರದ ಮೆಟ್ಟಿಲಸಾಲು ಬಿಡಿಬಿಡಿಯಾಗಿ ಅಟ್ಲಾಂಟಿಕ್ ದಾಟಿತು. 1932ರಿಂದ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಕುದುರೆ ಲಾಯ ಮಾತ್ರ ಅಲ್ಲೇ ಉಳಿದುಕೊಂಡಿತು.

ಇನ್ನು ಸ್ಟೇಷನ್ನಿನ ಕಥೆ. ಮೆಟ್ರೊಪಾಲಿಟನ್ ರೈಲ್ವೆಗೆ ಪೇಟೆ ಬೀದಿಯ ತನಕ ಹೋಗುವ ಆಸೆ ಇತ್ತು, ಅಲ್ಲೊಂದು ಕಟ್ಟಡವನ್ನೂ ಕೊಂಡಿಟ್ಟಿತ್ತು. ಆದರೆ ಪಾರ್ಕು ಈಗ ಪುರಸಭೆಯದ್ದು. ಜನರ ಪಾರ್ಕಿನೊಳಗೆ ಹಳಿ ಹಾಕಲು ಪುರಸಭೆ ಬಿಡಲಿಲ್ಲ. 1925ರ ನವೆಂಬರಿನಲ್ಲಿ ತೆರೆದ ಸ್ಟೇಷನ್ ಪಾರ್ಕಿನ ಅಂಚಿನಲ್ಲೇ ನಿಂತಿತು. ಅರ್ಲ್ ಹಾಕಿದ ತಡೆಯನ್ನು ಪುರಸಭೆ ಹಾಗೇ ಮುಂದುವರಿಸಿದಂತಾಯಿತು, ಕಾರಣ ಮಾತ್ರ ಬೇರೆ. ಸುಮಾರು 190 ಎಕರೆ ಇಂದಿಗೂ ಸಾರ್ವಜನಿಕ ಪಾರ್ಕು. ಉಳಿದ ಜಾಗದಲ್ಲಿ ಕ್ಯಾಸಿಯೋಬರಿ ಡ್ರೈವ್, ಡೆವರೋ ಡ್ರೈವ್ ಎಂದು ಅರ್ಲ್ ಮನೆತನದ ನೆನಪಿನ ಬೀದಿಗಳು.

ರೈಲ್ವೆಯೇ ಸೈಟು ಮಾರಿತು

ಮಾರುವವನಿದ್ದ ಮಾತ್ರಕ್ಕೆ ಬಡಾವಣೆ ಹುಟ್ಟುವುದಿಲ್ಲ. ಕೊಳ್ಳುವವನಿಗೆ ಕೆಲಸದ ಜಾಗಕ್ಕೆ ದಾರಿ ಬೇಕು, ಸಾಲ ಬೇಕು.

ದಾರಿಯ ವಿಷಯದಲ್ಲಿ ಮೆಟ್ರೊಪಾಲಿಟನ್ ರೈಲ್ವೆ ಉಳಿದ ಕಂಪನಿಗಳಿಗಿಂತ ಒಂದು ಹೆಜ್ಜೆ ಮುಂದಿತ್ತು. ಸಾಮಾನ್ಯವಾಗಿ ರೈಲ್ವೆಗಳು ಹಳಿಗೆಂದು ಕೊಂಡು ಮಿಕ್ಕ ಜಮೀನನ್ನು ಮಾರಿಬಿಡಬೇಕಿತ್ತು. ಮೆಟ್ರೊಪಾಲಿಟನ್‌ಗೆ ಅದನ್ನು ಇಟ್ಟುಕೊಳ್ಳುವ ಅಧಿಕಾರ ಇತ್ತು. 1919ರಲ್ಲಿ ‘ಮೆಟ್ರೊಪಾಲಿಟನ್ ರೈಲ್ವೆ ಕಂಟ್ರಿ ಎಸ್ಟೇಟ್ಸ್’ ಎಂಬ ಕಂಪನಿ ಹುಟ್ಟಿತು. ಹಳಿಯ ಪಕ್ಕದ ಜಮೀನು ಕೊಳ್ಳುವುದು, ರಸ್ತೆ ಹಾಕುವುದು, ಸೈಟು ಮಾಡುವುದು, ಮನೆ ಮಾರುವುದು. ಮನೆ ಕೊಂಡವನು ದಿನಾ ಅದೇ ಕಂಪನಿಯ ರೈಲಿನಲ್ಲಿ ಆಫೀಸಿಗೆ. ಲಾಭ ಎರಡು ಕಡೆಯಿಂದ. ಆ ಸೀಮೆಗೆ ಕಂಪನಿ ಇಟ್ಟ ಹೆಸರು ‘ಮೆಟ್ರೊ-ಲ್ಯಾಂಡ್’. 1915ರಿಂದ 1932ರ ತನಕ ವರ್ಷಕ್ಕೊಂದು ಪುಸ್ತಿಕೆ ತೆಗೆದು ಹಳ್ಳಿಯ ಗಾಳಿ, ಹೂದೋಟ, ಲಂಡನ್ನಿಗೆ ವೇಗದ ರೈಲು ಎಂದು ಪ್ರಚಾರ ಮಾಡಿತು. ಕೆಂಗೇರಿಯಾಚೆ, ದೇವನಹಳ್ಳಿ ಕಡೆ ಸೈಟು ಮಾರುವವರ ಬ್ರೋಷರುಗಳಲ್ಲಿ ಇವತ್ತಿಗೂ ಇದೇ ಪಟ್ಟಿ.

ಸಾಲವೂ ಅಗ್ಗವಾಯಿತು. 1932ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಬಡ್ಡಿ ದರವನ್ನು ಶೇ. 2ಕ್ಕೆ ಇಳಿಸಿತು. ಮನೆ ಸಾಲ ಕೊಡುವ ಬಿಲ್ಡಿಂಗ್ ಸೊಸೈಟಿಗಳು ಪೈಪೋಟಿಗೆ ಬಿದ್ದವು. ಸ್ಕೂಲ್ ಮೇಷ್ಟ್ರು, ಗುಮಾಸ್ತರೂ ಸ್ವಂತ ಮನೆಯ ಕನಸು ಕಾಣುವಂತಾಯಿತು. ಎರಡು ಯುದ್ಧಗಳ ನಡುವೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಟ್ಟಿದ ಮನೆಗಳು ಸುಮಾರು 40 ಲಕ್ಷ.

ಇದಕ್ಕೆಲ್ಲ ಹಳೇ ಪಾರ್ಕುಗಳೇ ಬೇಕಿತ್ತೇ? ಬಿಲ್ಡರ್ ಕಣ್ಣಿನಿಂದ ನೋಡಿ. ಬೆಂಗಳೂರಿನ ಅಂಚಿನಲ್ಲಿ ಐವತ್ತು ಎಕರೆ ಒಗ್ಗೂಡಿಸಬೇಕಾದರೆ ಎಷ್ಟು ಖಾತೆದಾರರು, ಎಷ್ಟು ಪಾಲುದಾರರು, ಎಷ್ಟು ತಕರಾರು! ಅಲ್ಲಿ ನೂರಾರು ಎಕರೆಗೆ ಒಬ್ಬನೇ ಮಾರಾಟಗಾರ. ನೀರು ಇಂಗುವಂತೆ ಹಸನು ಮಾಡಿದ ನೆಲ, ನೂರು ವರ್ಷದ ಮರಗಳು, ಗೇಟಿನಿಂದ ಮಹಲಿಗೆ ಹೋಗುವ ಗಾಡಿದಾರಿ, ಮೇಲೆ ಒಂದು ಗತ್ತಿನ ಹೆಸರು. ಮನೆ ನಿರ್ಮಾಣದ ಬಗ್ಗೆ ಬಂದ 1918ರ ಟ್ಯೂಡರ್ ವಾಲ್ಟರ್ಸ್ ವರದಿ ಊರುಗಳಲ್ಲಿ ಎಕರೆಗೆ 12 ಮನೆ ಮೀರದಿರಲಿ ಎಂದಿತ್ತು. ಅದೇ ಅಳತೆ ಹಿಡಿದರೂ ನೂರು ಎಕರೆಗೆ 1,200 ಮನೆ ಕೂರುತ್ತವೆ. ಗಾಡಿದಾರಿಯೇ ಬಡಾವಣೆಯ ಮುಖ್ಯ ರಸ್ತೆಯಾಯಿತು. ಮೆಟ್ರೊ-ಲ್ಯಾಂಡಿನ ನಕ್ಷೆಯಲ್ಲಿ ಕೆಲವು ಬೀದಿಗಳು ಯಾವ ಲೆಕ್ಕಕ್ಕೂ ಸಿಗದಂತೆ ಬಾಗುವುದೂ ಕೆಲವೊಮ್ಮೆ ಇದೇ ಕಾರಣಕ್ಕೆ.

ಎಲ್ಲದಕ್ಕೂ ತೆರಿಗೆಯೇ ಕಾರಣವಲ್ಲ

ಮರಣ ತೆರಿಗೆ ಮಹಲುಗಳನ್ನು ನುಂಗಿತು ಎಂಬ ಮಾತು ಬ್ರಿಟನ್ನಿನಲ್ಲಿ ಬಹಳ ಪ್ರಚಲಿತ. ಅರ್ಧ ಸತ್ಯ. ತೆರಿಗೆ ಹುಟ್ಟುವ ಎಷ್ಟೋ ಮೊದಲೇ ಉರುಳಿದ ಮಹಲುಗಳಿವೆ.

ಎಡ್ಜ್‌ವೇರ್ ಬಳಿಯ ಕ್ಯಾನನ್ಸ್ ಅಂಥದ್ದೊಂದು. ಚಾಂಡೋಸಿನ ಡ್ಯೂಕ್ 18ನೇ ಶತಮಾನದ ಮೊದಲಲ್ಲಿ ಕಟ್ಟಿಸಿದ ಮಹಲು ಅದು. ಸಂಗೀತಗಾರ ಹ್ಯಾಂಡೆಲ್ ಅಲ್ಲಿ ಡ್ಯೂಕನ ಆಶ್ರಯದಲ್ಲಿದ್ದರು. ಸೌತ್ ಸೀ ಕಂಪನಿಯ ಷೇರು ಗುಳ್ಳೆ ಒಡೆದಾಗ ಡ್ಯೂಕನ ಐಶ್ವರ್ಯ ಕರಗಿತು. ಅವನು ಸತ್ತ ಮೂರು ವರ್ಷಕ್ಕೆ, 1747ರಲ್ಲಿ, ಮಹಲನ್ನು ಬಿಡಿಯಾಗಿ ಹರಾಜು ಹಾಕಿದರು. ಅದೇ ಜಾಗದಲ್ಲಿ ಎದ್ದ ಚಿಕ್ಕ ಮನೆ ಇಂದು ಹೆಣ್ಣುಮಕ್ಕಳ ಶಾಲೆಯಾಗಿದೆ. ಸುತ್ತಲ ಜಮೀನು 1920ರ ದಶಕದ ಕೊನೆಗೆ ಬಡಾವಣೆಯಾಯಿತು. ಕ್ಯಾನನ್ಸ್ ಡ್ರೈವ್ ಎಂಬ ಬೀದಿಯಲ್ಲಿ ಜೋಡಿ ಮನೆಗಳ ನೆತ್ತಿಯ ಮೇಲೆ ವೆಲಿಂಗ್ಟೋನಿಯಾ ಮರಗಳು ಇನ್ನೂ ನಿಂತಿವೆ. ಮನೆಗೂ ಮರಕ್ಕೂ ಅಳತೆಯೇ ಹೊಂದುವುದಿಲ್ಲ.

ಪೂರ್ವ ಲಂಡನ್ನಿನ ವಾನ್‌ಸ್ಟೆಡ್ ಕೂಡ ಹಾಗೆಯೇ. ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿದ್ದ ಜೋಸಯಾ ಚೈಲ್ಡ್ ಕೊಂಡ ಎಸ್ಟೇಟು ಅದು. ಮಗನ ಕಾಲಕ್ಕೆ ಅಲ್ಲಿ ಭಾರೀ ಮಹಲು ಎದ್ದಿತು. ನೂರು ವರ್ಷದ ಮೇಲೆ ವಾರಸುದಾರಳಾದ ಕ್ಯಾಥರೀನ್‌ಳ ಗಂಡ ಸಾಲದಲ್ಲಿ ಮುಳುಗಿದ. 1822ರಲ್ಲಿ 32 ದಿನ ಹರಾಜು ನಡೆದು, ಬೆನ್ನಿಗೇ ಮಹಲು ನೆಲಸಮವಾಯಿತು. ಈಗ ಆ ಜಾಗದಲ್ಲಿ ಗಾಲ್ಫ್ ಮೈದಾನ, ತೋಟದ ಒಂದು ಪಾಲು ಸಾರ್ವಜನಿಕ ಪಾರ್ಕು.

ಶ್ರೀರಂಗಪಟ್ಟಣದ ಲೂಟಿ, ಬೆಂಗಳೂರಿನ ಅರಮನೆ ತೋಟ

ಇಂಥ ಎಸ್ಟೇಟುಗಳಿಗೆ ದುಡ್ಡು ಬಂದದ್ದು ಗೇಣಿಯಿಂದ ಮಾತ್ರವಲ್ಲ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದ ದಂಡನಾಯಕ ಜಾರ್ಜ್ ಹ್ಯಾರಿಸ್. ಟಿಪ್ಪುವಿನ ಖಜಾನೆಯನ್ನು ಹಂಚಿಕೊಂಡಾಗ ದೊಡ್ಡ ಪಾಲು ಅವನಿಗೆ ಬಂತು. ಎರಡು ವರ್ಷದಲ್ಲಿ ಅವನು ಕೆಂಟ್ ಸೀಮೆಯ ಬೆಲ್ಮಾಂಟ್ ಎಸ್ಟೇಟು ಕೊಂಡ. 1815ರಲ್ಲಿ ಸಿಕ್ಕ ಬಿರುದಿನಲ್ಲಿ ಶ್ರೀರಂಗಪಟ್ಟಣ, ಮೈಸೂರು, ಬೆಲ್ಮಾಂಟ್ ಮೂರೂ ಇದ್ದವು. ಲಂಡನ್ನಿನ ರೈಲು ಬಡಾವಣೆಗಳಿಂದ ದೂರವಿದ್ದ ಆ ಮನೆ ಉಳಿದುಕೊಂಡಿದೆ.

ಬೆಂಗಳೂರಿನಲ್ಲೂ ಈ ಜಾತಿಯ ಒಂದು ಆಸ್ತಿ ಇದೆ. ರೆವರೆಂಡ್ ಗ್ಯಾರೆಟ್ ಇಂಗ್ಲಿಷ್ ಮಾದರಿಯಲ್ಲಿ ಕಟ್ಟಿಸಲು ತೊಡಗಿದ್ದ ಮನೆಯನ್ನು 1873ರಲ್ಲಿ ಎಳೆಯ ಚಾಮರಾಜೇಂದ್ರ ಒಡೆಯರಿಗಾಗಿ ಕೊಂಡರು. ಅದೇ ಬೆಂಗಳೂರು ಅರಮನೆ. ಅದರ ಹಣ್ಣಿನ ತೋಟದ ಜಾಗದಲ್ಲಿ ಬೆಳೆದ ಪ್ಯಾಲೇಸ್ ಆರ್ಚರ್ಡ್ಸ್ ಮುಂದೆ ಕಾರ್ನಾಡ್ ಸದಾಶಿವರಾಯರ ಹೆಸರಿನಲ್ಲಿ ಸದಾಶಿವನಗರವಾಯಿತು. ಅರಮನೆ ಮೈದಾನದ 472 ಎಕರೆ ಮಾತ್ರ 1996ರ ಸ್ವಾಧೀನ ಕಾಯ್ದೆಯ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿತು.

ಕೆಡವುವುದಕ್ಕೆ ತಡೆ ಬಿದ್ದದ್ದು

ಎರಡನೇ ಮಹಾಯುದ್ಧದಲ್ಲಿ ಸೈನ್ಯ, ಆಸ್ಪತ್ರೆ, ಶಾಲೆಗಳಿಗೆಂದು ಮಹಲುಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತ್ತು. ಯುದ್ಧ ಮುಗಿದು ವಾಪಸ್ ಸಿಕ್ಕಾಗ ಅವು ಹಣ್ಣಾಗಿದ್ದವು. ಕೆಡವುವುದು ತುತ್ತತುದಿ ಮುಟ್ಟಿದ 1955ರಲ್ಲಿ ಐದು ದಿನಕ್ಕೊಂದರಂತೆ ಮಹಲುಗಳು ಉರುಳಿದವು.

ಆದರೆ ಆ ಹೊತ್ತಿಗೆ ಪಾರ್ಕುಗಳೆಲ್ಲ ಬಡಾವಣೆಯಾಗುವ ದಾರಿ ಮುಚ್ಚಿತ್ತು. 1938ರ ಹಸಿರುಪಟ್ಟಿ ಕಾಯ್ದೆ ಲಂಡನ್ ಸುತ್ತ ಖಾಲಿ ಜಾಗ ಉಳಿಸಲು ನೋಡಿತು. 1947ರ ಯೋಜನಾ ಕಾಯ್ದೆ ಬಂದ ಮೇಲೆ ಜಮೀನಿನ ಒಡೆಯನಾದ ಮಾತ್ರಕ್ಕೆ ಕಟ್ಟುವ ಹಕ್ಕಿಲ್ಲ, ಅನುಮತಿ ಬೇಕು ಎಂದಾಯಿತು. ಕಟ್ಟಡಗಳ ರಕ್ಷಣೆ ಗಟ್ಟಿಯಾಗಲು ಮಾತ್ರ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಪಟ್ಟಿಯಲ್ಲಿರುವ ಐತಿಹಾಸಿಕ ಕಟ್ಟಡ ಕೆಡವಲು ಮುಂಚಿತ ಒಪ್ಪಿಗೆ ಕಡ್ಡಾಯವಾದದ್ದು 1968ರ ಕಾಯ್ದೆಯಿಂದ. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ಕಳೆದುಹೋದ ಮಹಲುಗಳ ಪ್ರದರ್ಶನವನ್ನೇ ಏರ್ಪಡಿಸಿ ಜನರ ಕಣ್ಣು ತೆರೆಸಿತು. ಅದಕ್ಕೂ ಮೊದಲೇ, 1968ರ ಕಾಯ್ದೆ ಬಂದಿದ್ದರೂ, ಕ್ಯಾಸಿಯೋಬರಿಯ ಕೋಟೆಯಂಥ ಹೆಬ್ಬಾಗಿಲು 1970ರಲ್ಲಿ ರಸ್ತೆ ಅಗಲೀಕರಣಕ್ಕೆ ಹೋಯಿತು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮನೆ ಪತ್ರದಲ್ಲಿ ಉಳಿದ ಷರತ್ತು

ಎಸ್ಟೇಟು ಮಾರಿದವರು, ಬಡಾವಣೆ ಮಾಡಿದವರು ಸೈಟಿನ ಜೊತೆ ಷರತ್ತುಗಳನ್ನೂ ಬರೆಸುತ್ತಿದ್ದರು. ಈ ಜಾಗದಲ್ಲಿ ಒಂದೇ ಮನೆ ಕಟ್ಟಬೇಕು, ಅಂಗಡಿ ಇಡಕೂಡದು, ಮುಂದಿನ ಬೇಲಿ ಇಷ್ಟೇ ಎತ್ತರ ಇರಬೇಕು, ಹಂದಿ ಕೋಳಿ ಸಾಕಬಾರದು ಎಂಬಂಥವು. ಉಳಿದ ಸೈಟುಗಳ ಬೆಲೆ ಇಳಿಯಬಾರದು ಎಂಬುದೇ ಉದ್ದೇಶ. ಮೊದಲು ಕೊಂಡವನ ಮಾತು ಆಮೇಲೆ ಕೊಂಡವನನ್ನೂ ಕಟ್ಟಿಹಾಕುತ್ತದೆಯೇ ಎಂಬ ಪ್ರಶ್ನೆಗೆ 1848ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರ್ ತೋಟದ ಮೊಕದ್ದಮೆಯಲ್ಲಿ ಉತ್ತರ ಸಿಕ್ಕಿತು: ಷರತ್ತು ಗೊತ್ತಿದ್ದೂ ಕೊಂಡವನು ಅದಕ್ಕೆ ಬದ್ಧ.

ಇಂದು ಆ ಕಡೆ ಮನೆ ಕೊಳ್ಳುವವರ ವಕೀಲರು ಹಕ್ಕುಪತ್ರ ಓದುವಾಗ ಇವನ್ನು ಹುಡುಕುತ್ತಾರೆ. ಹಿತ್ತಲಲ್ಲಿ ಇನ್ನೊಂದು ಮನೆ ಕಟ್ಟಲು ಪುರಸಭೆ ಅನುಮತಿ ಕೊಟ್ಟರೂ ಷರತ್ತು ತಾನಾಗಿ ರದ್ದಾಗುವುದಿಲ್ಲ, ಅವೆರಡೂ ಬೇರೆ ಬೇರೆ. ಕಾಲಕ್ಕೆ ಹೊಂದದ ಷರತ್ತನ್ನು ತೆಗೆಸಲು ಅಥವಾ ಸಡಿಲಿಸಲು 1925ರ ಆಸ್ತಿ ಕಾಯ್ದೆಯ 84ನೇ ಸೆಕ್ಷನ್ ಪ್ರಕಾರ ಅಪ್ಪರ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬೇಕು. ಷರತ್ತಿನ ಪ್ರಯೋಜನಕ್ಕೆ ಹಕ್ಕುದಾರರಾದ ಅಕ್ಕಪಕ್ಕದವರಿಗೆ ಅಲ್ಲಿ ತಕರಾರು ಎತ್ತುವ ಅವಕಾಶವಿದೆ.